ವಾಷಿಂಗ್ ಮಷೀನ್ ರಿಪೇರಿಗೆ ಜನ ಕರೆಯುವ ಮುಂಚೆ

ಈ ಮಳೆಗಾಲದಲ್ಲಿ ಮಷೀನ್ ನಿಂತರೆ ಗಡಿಬಿಡಿಯಲ್ಲಿ ಸಿಕ್ಕಿದ ನಂಬರಿಗೆ ಫೋನ್ ಮಾಡಬೇಡಿ ಮಾರಾಯ್ರೆ. ನೀರು ತುಂಬುವುದೇ ನಿಧಾನವಾಗಿದ್ದರೆ ಪ್ಲಗ್ ತೆಗೆದು, ನಳ್ಳಿ ಬಂದ್ ಮಾಡಿ, ಹಿಂದೆ ನೀರು ಒಳಗೆ ಬರುವ ಪೈಪ್ ಬಿಚ್ಚಿ ಒಳಗಿನ ಜಾಲರಿ ನೋಡಿ. ನಮ್ಮ ಬಾವಿ, ಬೋರ್‌ವೆಲ್ ನೀರಿನ ಕೆಂಪು ಕೆಸರು ಕಟ್ಟಿಕೊಳ್ಳುವುದು ಅಲ್ಲೇ. ಹಳೇ ಟೂತ್‌ಬ್ರಶ್‌ನಲ್ಲಿ ತಿಕ್ಕಿದರೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ನೀರು ಹೊರಗೆ ಹೋಗದಿದ್ದರೆ, ಫ್ರಂಟ್ ಲೋಡ್‌ನವರು ಕೆಳಗಿನ ಡ್ರೈನ್ ಫಿಲ್ಟರ್ ನೋಡಿ. ಪಿನ್ನು, ಚಿಲ್ಲರೆ ಸಿಕ್ಕಿಕೊಂಡಿರಬಹುದು.

ಆದರೂ ಸರಿಯಾಗದಿದ್ದರೆ ಮಷೀನ್ ಡಿಸ್‌ಪ್ಲೇಯಲ್ಲಿ ಕಾಣುವ ಎರರ್ ಕೋಡ್, ಮಾಡೆಲ್ ಸ್ಟಿಕ್ಕರಿನ ಫೋಟೊ ಟೆಕ್ನಿಷಿಯನ್‌ಗೆ ವಾಟ್ಸಾಪ್ ಮಾಡಿ, ವಿಸಿಟಿಂಗ್ ಚಾರ್ಜ್ ಮೊದಲೇ ಕೇಳಿ. ಸುರತ್ಕಲ್, ಮಲ್ಪೆಯಂಥ ಕಡಲ ಬದಿಯ ಮನೆಯಾದರೆ ಅದನ್ನೂ ಹೇಳಿ. ಉಪ್ಪುಗಾಳಿಗೆ ಒಳಗಿನ ಕನೆಕ್ಟರ್ ತುಕ್ಕು ಹಿಡಿಯುತ್ತದೆ. ಟೆಕ್ನಿಷಿಯನ್ "ಬೋರ್ಡ್ (ಮಷೀನ್ ನಡೆಸುವ ಎಲೆಕ್ಟ್ರಾನಿಕ್ ಸರ್ಕ್ಯೂಟ್) ಹೋಗಿದೆ" ಎಂದ ಕೂಡಲೇ ಒಪ್ಪದೆ, ಮೊದಲು ಅದನ್ನು ಪರೀಕ್ಷಿಸಲು ಹೇಳಿ. ಬದಲಿಸಿದ ಹಳೇ ಪಾರ್ಟ್ ಕೇಳಿ ಇಟ್ಟುಕೊಳ್ಳಿ, ಬಿಲ್ಲಿನಲ್ಲಿ ವಾರಂಟಿ ಬರೆಸಿ.