ಪ್ರಿಂಟ್ ಮಾಡಿದ ಅಲ್ಯೂಮಿನಿಯಂಗೆ ಟಿ6 ಬೇಕಾ?

ಡ್ರಾಯಿಂಗಿನಲ್ಲಿ ‘ಟಿ6’ ಎಂದು ಕಂಡರೆ ನಾನು ಮೊದಲು ಗ್ರಾಹಕರಿಗೆ ಫೋನ್ ಮಾಡುತ್ತೇನೆ. ನಮ್ಮ ಹೊಸೂರು ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಸುತ್ತಮುತ್ತ ಎರಕದ ಕೆಲಸ ಬಲ್ಲವರು ಜಾಸ್ತಿ. ಎರಕದ ಅಲ್ಯೂಮಿನಿಯಂಗೆ ಬಲ ಕೊಡುವುದೇ ಟಿ6. ಸುಮಾರು 530 ಡಿಗ್ರಿಗೆ ಕಾಯಿಸಿ, ನೀರಿಗೆ ಹಾಕಿ, ಮತ್ತೆ 160ರ ಆಸುಪಾಸಿನಲ್ಲಿ ಕೆಲವು ಗಂಟೆ ಇಡುತ್ತಾರೆ (ಈ ಕೊನೆಯ ಹಂತವೇ ಏಜಿಂಗ್). ಲೋಹದ ಪುಡಿಯನ್ನು ಲೇಸರ್‌ನಿಂದ ಪದರ ಪದರವಾಗಿ ಕರಗಿಸಿ ಪ್ರಿಂಟ್ ಮಾಡಿದ ಭಾಗಕ್ಕೂ ಅದನ್ನೇ ಕೇಳುತ್ತಾರೆ.

ನಾವು ಬಳಸುವ ಪುಡಿಯಲ್ಲಿ ಸಿಲಿಕಾನ್ ಸುಮಾರು 10%, ಜೊತೆಗೆ ಸ್ವಲ್ಪ ಮೆಗ್ನೀಸಿಯಂ. ಲೇಸರ್ ಹಾದುಹೋದ ಕಡೆ ಕರಗಿದ ಲೋಹ ಸೆಕೆಂಡಿಗೆ ಲಕ್ಷಾಂತರ ಡಿಗ್ರಿ ವೇಗದಲ್ಲಿ ತಣಿಯುತ್ತದೆ. ಸಿಲಿಕಾನ್‌ಗೆ ದಪ್ಪ ಹರಳಾಗಿ ಬೆಳೆಯಲು ಸಮಯವೇ ಸಿಗುವುದಿಲ್ಲ. ಒಂದು ಮೈಕ್ರಾನ್‌ಗಿಂತ ಸಣ್ಣ ಅಲ್ಯೂಮಿನಿಯಂ ಕೋಶಗಳ ಸುತ್ತ ತೆಳು ಬಲೆಯ ಹಾಗೆ ನಿಲ್ಲುತ್ತದೆ. ಮೆಷಿನ್ನಿನಿಂದ ತೆಗೆದ ಭಾಗದ ಬಲ (ಎಳೆದಾಗ ತಡೆಯುವ ಶಕ್ತಿ) 400 ಮೆಗಾಪಾಸ್ಕಲ್ ದಾಟುವುದರಲ್ಲಿ ಈ ಬಲೆಯ ಪಾಲು ದೊಡ್ಡದು.

ಇದನ್ನು ಕಣ್ಣಾರೆ ನೋಡಬೇಕು ಅಂತ ಒಂದೇ ಪ್ಲೇಟಿನ (ಪ್ರಿಂಟ್ ಆಗುವ ಭಾಗ ಅಂಟಿಕೊಂಡು ಬೆಳೆಯುವ ತಳದ ಹಲಗೆ) ಸರಳುಗಳನ್ನು ಬೇರೆ ಬೇರೆ ಬಿಸಿಗೆ ಕಳಿಸಿದೆ. ಆಮೇಲೆ ಕತ್ತರಿಸಿ, ಪಾಲಿಶ್ ಮಾಡಿ, ಒಳರಚನೆ ಕಾಣುವಂತೆ ಮಾಡುವ ಕೆಲ್ಲರ್ ದ್ರಾವಣ ಹಚ್ಚಿದೆ. (ಅದರಲ್ಲಿ ಹೈಡ್ರೊಫ್ಲೋರಿಕ್ ಆಮ್ಲ ಇದೆ. ಗ್ಲೌಸ್ ಇಲ್ಲದೆ ಯಾರಿಗೂ ಮುಟ್ಟಲು ಬಿಡುವುದಿಲ್ಲ.) ಬಿಸಿ ಕಾಣದ ತುಂಡಿನಲ್ಲಿ ಲೇಸರ್ ಹಾದ ಗುರುತುಗಳು ಒಂದರ ಮೇಲೊಂದು ಸ್ಪಷ್ಟವಾಗಿದ್ದವು. 300 ಡಿಗ್ರಿಯಲ್ಲಿ 2 ಗಂಟೆ ಇಟ್ಟದ್ದರಲ್ಲಿ ಬಲೆ ಚೂರಾಗಿತ್ತು. 530 ಕಂಡ ತುಂಡಿನಲ್ಲಿ ಗುರುತುಗಳೇ ಅಳಿಸಿ, ಸಿಲಿಕಾನ್ ದಪ್ಪ ಕಾಳುಗಳಾಗಿತ್ತು. ಒಳಗಿನ ಸಣ್ಣ ರಂಧ್ರಗಳೂ ಅನಿಲದ ಒತ್ತಡಕ್ಕೆ ಉಬ್ಬಿದ್ದವು. ಆಮೇಲಿನ ಏಜಿಂಗ್ ಸ್ವಲ್ಪ ಬಲ ವಾಪಸ್ ಕೊಡುತ್ತದೆ, ಆದರೆ ಹೋದ ಬಲೆ ಬರುವುದಿಲ್ಲ.

ಹಾಗಾಗಿ ಫೋನಿನಲ್ಲಿ ಕೇಳುತ್ತೇನೆ: “ಸರ್, ನಿಮಗೆ ಬಲ ಮುಖ್ಯವೋ, ಬಾಗುವ ಗುಣ ಮುಖ್ಯವೋ?” ಬಲ ಬೇಕು ಅಂದರೆ ನೇರ 160–170 ಡಿಗ್ರಿಯ ಏಜಿಂಗ್ ಸಾಕು. ಬಾಗುವ ಗುಣ ಬೇಕಿದ್ದರೆ, ಅಥವಾ ಪ್ಲೇಟಿನಿಂದ ಬಿಡಿಸಿದಾಗ ಸೊಟ್ಟಗಾಗುವಂಥ ಭಾಗವಾದರೆ, ಬಲ ಕಡಿಮೆಯಾದರೂ ಪರವಾಗಿಲ್ಲ, ಬಿಡಿಸುವ ಮೊದಲೇ 300ಕ್ಕೆ ಇಡುತ್ತೇನೆ. ಎಲ್ಲ ದಿಕ್ಕಿನಲ್ಲೂ ಒಂದೇ ಗುಣ ಬೇಕೇ ಬೇಕು ಅನ್ನುವವರಿಗೆ ಟಿ6 ಸರಿ. ಆಗ ತೆಳು ಗೋಡೆ ನೀರಿನಲ್ಲಿ ತಿರುಚಿಕೊಳ್ಳಬಹುದು ಎಂದು ಮೊದಲೇ ಹೇಳುತ್ತೇನೆ. ಕುಲುಮೆಯ ಅಣ್ಣನಿಗೆ ಚೀಟಿಯನ್ನು ಕನ್ನಡ, ತಮಿಳು ಎರಡರಲ್ಲೂ ಬರೆದು ಕೊಡುತ್ತೇನೆ. ‘ಮಾಮೂಲಿ ಟಿ6 ತಾನೇ’ ಅಂದುಕೊಳ್ಳಬಾರದು, ಅಲ್ವಾ?

ಪ್ಲೇಟಿನ ಬಿಸಿಯನ್ನೂ ಮರೆಯಬೇಡಿ. 200 ಡಿಗ್ರಿಯ ಪ್ಲೇಟಿನ ಮೇಲೆ ಎತ್ತರದ ಭಾಗ ದಿನಗಟ್ಟಲೆ ಬೆಳೆಯುವಾಗ ಕೆಳಗಿನ ಪದರಗಳು ಅಲ್ಲೇ ಏಜ್ ಆಗುತ್ತಿರುತ್ತವೆ. ಅದಕ್ಕೇ ಗಡಸುತನವನ್ನು ಬುಡದಲ್ಲೂ ತುದಿಯಲ್ಲೂ ಅಳೆದ ಮೇಲೆಯೇ ಕುಲುಮೆಯ ಬಿಸಿ ಎಷ್ಟು ಅಂತ ಬರೆಯುತ್ತೇನೆ.