ಚೆಲ್ಲೋದು ಕಲಿತ ಮೇಲೆ ಹಕ್ಕಿ ಬಂತು: ಫ್ರೀಮಾಂಟ್ ಹಿತ್ತಲಿನ ನನ್ನ ಅನುಭವ

"ಸಕ್ಕರೆ ನೀರು ತೂಗುಹಾಕಿದರೆ ಇರುವೆ ಬರುತ್ತೆ ಕಣ್ರೀ, ಹಮ್ಮಿಂಗ್‌ಬರ್ಡ್ ಬರಲ್ಲ." ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ, ಹೂವಿನ ಮಕರಂದ ಹೀರುವ ಆ ಪುಟಾಣಿ ಹಕ್ಕಿಯನ್ನು ನಮ್ಮ ಹಿತ್ತಲಿಗೆ ಕರೆಯಲು ನಾನು ಹೊರಟಾಗ, ಎರಡು ಮನೆ ಆಚೆಯ ಹಿರಿಯರು 2019ರಲ್ಲಿ ಹೇಳಿದ ಮಾತಿದು. ಅವರದು ಹಳೇ ತೋಟ. ಸಾಲ್ವಿಯಾ, ಲೋಳೆಸರ, ಕೆಂಪು ದಾಸವಾಳ ಎಲ್ಲಾ ಇದೆ. ಹಕ್ಕಿಗಳು ಅಲ್ಲಿ ದಿನವಿಡೀ ಸುತ್ತುತ್ತಿದ್ದವು. ನಮ್ಮ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಈಗ ಅದೇ ಹಿರಿಯರು ಶನಿವಾರ ಬೆಳಗ್ಗೆ ಕಾಫಿ ಕಪ್ ಹಿಡಿದು ನಮ್ಮ ಪ್ಯಾಟಿಯೋದಲ್ಲಿ ಕೂರುತ್ತಾರೆ. ಕಳೆದ ಡಿಸೆಂಬರಿನಲ್ಲಿ ಒಂದೇ ಹೊತ್ತಿಗೆ ಒಂಬತ್ತು ಎಣಿಸಿದ್ದು ನಾನಲ್ಲ, ಅವರೇ. ಹಾಗಾಗಿ ಸ್ವಲ್ಪ ಜಂಬ ಕೊಚ್ಚಿಕೊಂಡರೆ ತಪ್ಪಿಲ್ಲ ಅಲ್ವಾ?

ಒಂದು ಅಳತೆ ಬಿಳಿ ಸಕ್ಕರೆಗೆ ನಾಲ್ಕು ಅಳತೆ ನೀರು, ಬಣ್ಣ ಬೇಡ, ಜೇನುತುಪ್ಪ ಬೇಡ. ಹಕ್ಕಿಗೆ ಇಡುವ ಪಾಕ ಇಷ್ಟೇ ಅಂತ ಫೀಡರ್ (ಪಾಕ ತುಂಬಿ ತೂಗುಹಾಕುವ ಪಾತ್ರೆ) ಇಟ್ಟವರಿಗೆಲ್ಲ ಗೊತ್ತು. ನನಗೂ ಗೊತ್ತಿತ್ತು. ಗೊತ್ತಿದ್ದೂ ಕೆಟ್ಟೆ.

ಮೊದಲನೇ ಫೀಡರ್ ಎಂಟು ಡಾಲರಿನದು. ತಲೆಕೆಳಗಾಗಿ ತೂಗುಹಾಕುವ ಬಾಟಲಿ. ಅದನ್ನು ಮಧ್ಯಾಹ್ನ ಎರಡರ ಮೇಲೆ ಬಿಸಿಲು ಹೊಡೆಯುವ ಕಡೆಯೇ ನೇತುಹಾಕಿದೆ, ಚೆನ್ನಾಗಿ ಕಾಣಲಿ ಅಂತ. ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಪಾಕವನ್ನು ಕೆಳಗೆ ತಳ್ಳುತ್ತೆ. ತೊಟ್ ತೊಟ್ ಅಂತ ಡೆಕ್ ಮೇಲೆಲ್ಲ ಅಂಟು. ಹಿಂದೆಯೇ ಅರ್ಜೆಂಟೈನ್ ಇರುವೆಗಳ ಮೆರವಣಿಗೆ. ಬಾಟಲಿಯೇ ಸರಿಯಿಲ್ಲ ಅಂದುಕೊಂಡು ಮೂವತ್ತೈದು ಡಾಲರ್ ಕೊಟ್ಟು ಬಣ್ಣದ ಗಾಜಿನದು ತಂದೆ. ನೋಡೋಕೆ ಅದು ದೇವಸ್ಥಾನದ ದೀಪದ ಹಾಗಿತ್ತು. ಅದು ಇನ್ನೂ ಜಾಸ್ತಿ ಸೋರಿತು. ಜೊತೆಗೆ ಕೆಂಪು ನೆಕ್ಟರ್ ಪುಡಿಯ ಪ್ಯಾಕೆಟ್ ಮೂರು, ಒಟ್ಟು ಹದಿನೆಂಟು ಡಾಲರ್ ಇರಬೇಕು. ಬಣ್ಣ ಹಾಕಿದ ಸಕ್ಕರೆಗೆ ಅಷ್ಟು ದುಡ್ಡು ಸುರಿದಿದ್ದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ.

ಆ ಬೇಸಿಗೆಯಲ್ಲಿ ಸಾಗರದಿಂದ ಅಮ್ಮ ಬಂದಿದ್ದರು. "ಬಿಳಿ ಸಕ್ಕರೆ ಮನುಷ್ಯರಿಗೇ ಒಳ್ಳೇದಲ್ಲ, ಪಾಪ ಆ ಹಕ್ಕಿಗೆ ಯಾಕೋ? ಜೋನಿಬೆಲ್ಲ ಹಾಕು," ಅಂದರು. ಊರಿಂದ ಡಬ್ಬಿಯಲ್ಲಿ ತಂದಿದ್ದರು ಕೂಡ. ಹಾಕಿದೆ. ಮಾರನೇ ದಿನಕ್ಕೆ ಹಳದಿ ಕಣಜದ ಹುಳುಗಳ ಜಾತ್ರೆ, ಮೂರನೇ ದಿನಕ್ಕೆ ಹುಳಿ ಹೆಂಡದ ವಾಸನೆ. ಬೆಲ್ಲದಲ್ಲಿರುವ ಕಬ್ಬಿಣದ ಅಂಶ ಈ ಹಕ್ಕಿಗಳಿಗೆ ಒಳ್ಳೆಯದಲ್ಲ ಅಂತ ಆಮೇಲೆ ತಿಳಿಯಿತು. ಪುಣ್ಯಕ್ಕೆ ಒಂದು ಹಕ್ಕಿಯೂ ಬಾಯಿ ಹಾಕಲಿಲ್ಲ. ಬಾರದೆ ಇದ್ದಿದ್ದೇ ಒಳ್ಳೆಯದಾಯಿತು ಅಂತ ಅನ್ನಿಸಿದ್ದು ಅದೊಂದೇ ಸಲ. ಅಮ್ಮನಿಗೆ ಸಕ್ಕರೆ ಪಾಕವನ್ನೂ ಒಂದೆಳೆ ಬರುವವರೆಗೆ ಕುದಿಸಬೇಕು ಅಂತ ಆಸೆ. ಜಾಮೂನು ಮಾಡ್ತಿಲ್ಲಮ್ಮ ಅಂತ ತಡೆದೆ. ಸಕ್ಕರೆ ಕರಗಿದರೆ ಸಾಕು, ನಲ್ಲಿ ನೀರೇ ಆಗುತ್ತೆ. ಆದರೆ ಅವರು ಬಿಟ್ಟುಹೋದ ಸ್ಟೀಲ್ ಲೋಟದಲ್ಲೇ ಇವತ್ತಿಗೂ ಅಳೆಯುವುದು.

ಆ ವರ್ಷ ಬಂದ ಹಕ್ಕಿಗಳ ಸಂಖ್ಯೆ ಸೊನ್ನೆ.

2020ರಲ್ಲಿ ಎಲ್ಲರೂ ಮನೆಯಲ್ಲೇ ಕೂರುವ ಹಾಗಾಯಿತಲ್ಲ, ಆಗ ನನ್ನ ಮೇಜು ಹಿತ್ತಲ ಕಿಟಕಿಗೆ ಬಂತು. ಮೀಟಿಂಗಿನಲ್ಲಿ ಕ್ಯಾಮೆರಾ ಆಫ್ ಮಾಡಿ ನೋಡುತ್ತಾ ಕೂತೆ. ಒಂದು ದಿನ ಹೆಣ್ಣು ಹಕ್ಕಿಯೊಂದು ಬಂತು. ಫೀಡರಿನ ಮುಂದೆ ಗಾಳಿಯಲ್ಲೇ ನಿಂತಿತು. ಕೊಕ್ಕು ಒಳಗಿಟ್ಟಿತು. ಅರೆಕ್ಷಣ. ತಲೆ ಒದರಿಕೊಂಡು ಹೋಯಿತು. ಮತ್ತೆ ಎಂಟು ಹತ್ತು ದಿನ ಪತ್ತೆಯಿಲ್ಲ. ನಾನು ಹೋಗಿ ಒಂದು ಹನಿ ನಾಲಿಗೆಗೆ ಹಾಕಿಕೊಂಡೆ. ಹುಳಿ. ಆಗ ಬುದ್ಧಿ ಬಂತು.

ಹಕ್ಕಿ ಬಂದಾಗ ಖಾಲಿ ಇರಬಾರದು ಅಂತ ನಾನು ಪ್ರತಿ ಸಲ ಬಾಟಲಿ ತುಂಬ ಹಾಕುತ್ತಿದ್ದೆ. ಮೂರು ಕಪ್ ಹಿಡಿಯುವ ಬಾಟಲಿ. ಯಾರೂ ಕುಡಿದಿಲ್ಲವಲ್ಲ, ಹಾಗೇ ಇರಲಿ ಅಂತ ಎರಡು ವಾರ ಬಿಡುತ್ತಿದ್ದೆ. ಸಕ್ಕರೆ ಚೆಲ್ಲೋಕೆ ನಮ್ಮಂಥವರಿಗೆ ಕೈ ಬರಲ್ಲ. ಅಲ್ಲೇ ಕೆಟ್ಟಿದ್ದು. ಅವತ್ತಿನಿಂದ ಫೀಡರಿಗೆ ಅರ್ಧ ಕಪ್ ಮಾತ್ರ. ಬೇಸಿಗೆಯಲ್ಲಿ ಎರಡು ದಿನಕ್ಕೊಮ್ಮೆ, 95 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ದಿನಾ, ಚಳಿಗಾಲದಲ್ಲಿ ನಾಲ್ಕೈದು ದಿನಕ್ಕೊಮ್ಮೆ ಬದಲು. ಕುಡಿದಿರಲಿ ಬಿಡಲಿ, ಸಿಂಕಿಗೆ. ಹುಲ್ಲಿನ ಮೇಲೆ ಚೆಲ್ಲಬೇಡಿ, ಇರುವೆಗೆ ನೀವೇ ಕರೆಯೋಲೆ ಕೊಟ್ಟ ಹಾಗೆ. ಬಿಸಿನೀರು, ವಿನೆಗರ್, ಸಣ್ಣ ಬ್ರಷ್, ತೊಳೆಯೋಕೆ ಇಷ್ಟೇ. ತೂತಿನ ಒಳಗೆ ಕಪ್ಪು ಬೂಸಲು ಕಂಡರೆ ಮುಲಾಜಿಲ್ಲದೆ ಉಜ್ಜಬೇಕು. ಫೀಡರನ್ನು ಕಿತ್ತಳೆ ಮರದ ನೆರಳಿಗೆ ಸರಿಸಿದೆ. ಬಾಟಲಿ ಬಿಸಾಡಿ ತಟ್ಟೆಯಂಥದ್ದು ತಂದೆ. ಒಂದಕ್ಕೆ ಹನ್ನೆರಡು ಹದಿಮೂರು ಡಾಲರ್ ಬಿತ್ತು. ಸೋರಲ್ಲ, ಪಾಕದ ಮಟ್ಟ ಕೆಳಗಿರುವುದರಿಂದ ಜೇನುಹುಳುಗಳ ನಾಲಿಗೆಗೂ ಎಟುಕಲ್ಲ.

ಇನ್ನೊಂದು ಮಾತು. ಎಲ್ಲರೂ ವಸಂತದಲ್ಲಿ ಶುರು ಮಾಡುತ್ತಾರೆ. ಅದು ದಂಡ. ಆಗ ಎಲ್ಲ ಮನೆಯಲ್ಲೂ ಹೂವು, ನಿಮ್ಮ ಸಕ್ಕರೆ ನೀರು ಯಾರಿಗೆ ಬೇಕು? ನಮ್ಮ ಬೇ ಏರಿಯಾದ (ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲಿನ) ಹಮ್ಮಿಂಗ್‌ಬರ್ಡ್ ಜಾತಿ ಅನ್ನಾಸ್, ಅದು ಚಳಿಗಾಲದಲ್ಲಿ ಎಲ್ಲಿಗೂ ಹೋಗಲ್ಲ. ಡಿಸೆಂಬರಿಗೆಲ್ಲ ಗೂಡು ಕಟ್ಟೋಕೆ ಶುರು. ಹೂವು ಕಡಿಮೆ, ಹಸಿವು ಜಾಸ್ತಿ. ನಾನು ನವೆಂಬರಿನಲ್ಲಿ ಶುರು ಮಾಡಿದೆ, ಹನ್ನೊಂದನೇ ದಿನಕ್ಕೆ ಹಕ್ಕಿ ಕೂತು ಕುಡಿಯಿತು. ಅನ್ನಾ ಅನ್ನುವುದು ಒಬ್ಬ ಫ್ರೆಂಚ್ ಡಚೆಸ್ ಹೆಸರು. ಅಮ್ಮನ ಲೆಕ್ಕದಲ್ಲಿ ಮಾತ್ರ ಇದು ಅನ್ನದ ಹಕ್ಕಿ. "ಅನ್ನ ಅಂತಾರೆ, ಒಂದು ಅಗುಳೂ ತಿನ್ನಲ್ವಲ್ಲೋ," ಅಂತ ವಿಡಿಯೋ ಕಾಲಿನಲ್ಲಿ ನಗುತ್ತಾರೆ.

ಫೀಡರ್ ದೂರಕ್ಕೆ ಕಾಣಲಿ ಅಂತ ನಾನು ಮಾಡಿದ್ದು ಕೇಳಿದರೆ ನಗುತ್ತೀರಿ. ಅರಿಶಿನ ಕುಂಕುಮಕ್ಕೆ ಹೋದಾಗ ಬಂದ ರವಿಕೆ ಕಣಗಳು ಬೀರುವಿನಲ್ಲಿ ರಾಶಿ ಬಿದ್ದಿದ್ದವು. ಕೆಂಪು ಬಣ್ಣದ್ದು ಒಂದು ತೆಗೆದು ಕೊಂಬೆಗೆ ಕಟ್ಟಿದೆ. ಪಕ್ಕದ ಮನೆಯ ಅಮೆರಿಕನ್ ಅಜ್ಜಿ, ಇವತ್ತು ನಿಮ್ಮಲ್ಲಿ ಏನು ಹಬ್ಬ ಅಂತ ಕೇಳಿದರು. ಕೆಲಸ ಆಯಿತೋ ಇಲ್ಲವೋ ಹೇಳಲಾರೆ, ಆದರೆ ಹಕ್ಕಿ ಮೊದಲು ಆ ಕಣವನ್ನು ಎರಡು ಸುತ್ತು ಹಾಕಿ ಆಮೇಲೆ ಫೀಡರಿಗೆ ಇಳಿದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ತಟ್ಟೆಯ ಕೆಂಪು ಮಾಸಿದರೆ ಹೆಂಡತಿಯ ನೇಲ್ ಪಾಲಿಶ್ ಇದೆಯಲ್ಲ. ಹೊರಗಡೆ ಮಾತ್ರ ಹಚ್ಚಿ, ಪೂರ್ತಿ ಒಣಗಿಸಿ, ಮತ್ತು ಕೇಳಿ ತಗೊಳ್ಳಿ.

ಇರುವೆಯ ವಿಷಯಕ್ಕೆ ನಾನು ಕಳೆದಷ್ಟು ಹೊತ್ತು ಬಹುಶಃ ಆಫೀಸಿನ ಪ್ರಮೋಷನ್ನಿಗೂ ಕಳೆದಿಲ್ಲ. ತಂತಿಗೆ ವ್ಯಾಸಲಿನ್ ಬಳಿದೆ. ಒಂದೇ ವಾರಕ್ಕೆ ಒರೆಸಿ ತೆಗೆದೆ, ಜಿಡ್ಡು ರೆಕ್ಕೆಗೆ ಹತ್ತಿದರೆ ಹಕ್ಕಿಗೆ ಬಿಡಿಸಿಕೊಳ್ಳೋಕೆ ಆಗಲ್ಲ. ಕೊನೆಗೆ ಗೆದ್ದಿದ್ದು ಫೀಡರಿನ ಮೇಲೆ ಅದೇ ತಂತಿಯಲ್ಲಿ, ಇರುವೆ ದಾಟದ ಹಾಗೆ ಕೂರಿಸಿದ ನೀರಿನ ಬಟ್ಟಲು. ಅಂಗಡಿಯದು ಬೇಡ. ತುಪ್ಪದ ಡಬ್ಬಿಯ ಪ್ಲಾಸ್ಟಿಕ್ ಮುಚ್ಚಳ ಅಂಗಾತ ಇಟ್ಟು, ನಡುವೆ ತೂತು ಕೊರೆದು, ತಂತಿ ತೂರಿಸಿ, ತೂತಿಗೆ ಮೆತ್ತಿ. ಮೊದಲು ಬಿಸಿ ಅಂಟು ಹಾಕಿದ್ದೆ, ಬಿಸಿಲಿಗೆ ಬಿಟ್ಟುಕೊಂಡಿತು. ಊರಿಂದ ತಂದ ಎಂ-ಸೀಲ್ ನಾದಿ ಮೆತ್ತಿದೆ ನೋಡಿ, ನಾಲ್ಕು ವರ್ಷ ಆಯಿತು, ಒಂದು ಹನಿ ಸೋರಿಲ್ಲ. ಮುಚ್ಚಳ ಆಳ ಇಲ್ಲ, ಸೆಖೆಯಲ್ಲಿ ನೀರು ಒಂದೂವರೆ ದಿನಕ್ಕೆ ಆರುತ್ತೆ. ಆರಿದ ಅರ್ಧ ಗಂಟೆಗೆ ಇರುವೆ ಹಾಜರ್. ಪಾಕ ಬದಲಿಸುವಾಗಲೇ ಅದಕ್ಕೂ ನೀರು ಹಾಕಿಬಿಡಿ.

ಹಕ್ಕಿ ಬಂತು ಅಂದಮೇಲೆ ಮುಂದಿನ ತಲೆನೋವು ಪಾಳೇಗಾರ, ಅಂದರೆ ಫೀಡರ್ ತನ್ನದೇ ಅಂತ ಕಾಯುವ ಗಂಡು ಹಕ್ಕಿ. ನಿಮ್ಮಲ್ಲೂ ಒಬ್ಬ ಇರುತ್ತಾನೆ. ನಮ್ಮವನು ಕಿತ್ತಳೆ ಮರದ ತುದಿಯ ಒಣ ಕಡ್ಡಿಯ ಮೇಲೆ ಕೂತು ಕಾಯುವವನು. ನೆರಳಲ್ಲಿ ಅವನ ಕುತ್ತಿಗೆ ಬರೀ ಕಪ್ಪು. ಸ್ವಲ್ಪ ತಿರುಗಿ ಬಿಸಿಲಿಗೆ ಮುಖ ಕೊಟ್ಟರೆ ತಲೆಯಿಂದ ಕುತ್ತಿಗೆವರೆಗೆ ರಾಣಿ ಬಣ್ಣ, ಹೊಸ ಮೈಸೂರು ಸಿಲ್ಕ್ ಸೀರೆಯ ಅಂಚು ಬಿಚ್ಚಿದ ಹಾಗೆ. ಬೇರೆ ಯಾರು ಬಂದರೂ ಅಟ್ಟಿಸಿಕೊಂಡು ಹೋಗುತ್ತಾನೆ. ಹೆಣ್ಣು ಕಂಡರೆ ನೂರು ಅಡಿ ಮೇಲೆ ಹೋಗಿ ಅಲ್ಲಿಂದ ಕೆಳಗೆ ಹಾರಿ, ಕೊನೆಯಲ್ಲಿ ಚೀಂಕ್ ಅಂತ ಸದ್ದು. ಅದು ಗಂಟಲಿನದ್ದಲ್ಲ, ಬಾಲದ ಗರಿಯದ್ದು. ಬರ್ಕ್ಲಿ ವಿಶ್ವವಿದ್ಯಾಲಯದವರು 2008ರಲ್ಲಿ ಅದನ್ನು ತೋರಿಸಿದರು.

ಒಂದು ವರ್ಷ ಪೂರ್ತಿ ಅವನೊಬ್ಬನನ್ನೇ ಸಾಕಿದೆ. ಎರಡನೇ ಫೀಡರ್ ಹತ್ತು ಅಡಿ ದೂರ ಇಟ್ಟೆ, ಎರಡನ್ನೂ ಕಾಯ್ದ. ಆಮೇಲೆ ಮನೆಯ ಮೂಲೆ ತಿರುಗಿಸಿ, ಅವನ ಕಡ್ಡಿಯಿಂದ ಕಾಣದ ಹಾಗೆ ಕಸದ ಬಿನ್ನುಗಳ ಕಡೆ ಒಂದು, ಮುಂದಿನ ಬಾಗಿಲ ಹತ್ತಿರ ಒಂದು ಹಾಕಿದೆ. ಒಂದೇ ವಾರದಲ್ಲಿ ಲೆಕ್ಕ ಒಂದರಿಂದ ನಾಲ್ಕೈದಕ್ಕೆ ಏರಿತು. ನಾಲ್ಕನೆಯದನ್ನು ಎಲ್ಲಿ ಇಟ್ಟಿದ್ದೇನೆ ಅನ್ನುವುದು ಮಾತ್ರ ಇಲ್ಲಿ ಬರೆಯಲ್ಲ. ಆ ಹಿರಿಯರಿಗೂ ಹೇಳಿಲ್ಲ. ಒಂಬತ್ತು ಆಗಿದ್ದು ಅದರಿಂದ.

ಪಾಳೇಗಾರನ ಸೊಕ್ಕು ಮುರಿದವನೂ ಒಬ್ಬ ಬಂದ. ಒಂದು ಮಾರ್ಚಿನ ಕೊನೆಯಲ್ಲಿ ಬೆನ್ನು ಪೂರ್ತಿ ಕಂದು ಬಣ್ಣದ ರೂಫಸ್ ಅನ್ನುವ ಇನ್ನೊಂದು ಜಾತಿಯ ಹಮ್ಮಿಂಗ್‌ಬರ್ಡ್, ಅಲಾಸ್ಕಾಕ್ಕೆ ವಲಸೆ ಹೋಗುವ ದಾರಿಯಲ್ಲಿ. ಅದನ್ನೇ ಹೋಲುವ ಆಲೆನ್ಸ್ ಜಾತಿಯದು ಇರಬಹುದು ಅಂತ ವಾದ ಮಾಡುವವರು ಫೋಟೋ ನೋಡಿ, ಬೆನ್ನಲ್ಲಿ ಹಸಿರು ಚೂರೂ ಇರಲಿಲ್ಲ. ನಮ್ಮವನಿಗಿಂತ ಚಿಕ್ಕದು. ಮೂರು ದಿನ ನಮ್ಮವನನ್ನು ಮರ ಹತ್ತಲು ಬಿಡಲಿಲ್ಲ.

ಪಾಕ ಕುಡಿದರಷ್ಟೇ ಸಾಲದು, ಈ ಹಕ್ಕಿಗೆ ಹುಳುಗಳೂ ಬೇಕು. ಹಾಗಂತ ಬಾಳೆಹಣ್ಣಿನ ಸಿಪ್ಪೆಯನ್ನು ಬಕೆಟ್ಟಿನಲ್ಲಿ ಹಾಕಿ, ಮೇಲೆ ಜಾಲರಿ ಕಟ್ಟಿ, ಫೀಡರ್ ಹತ್ತಿರ ಇಟ್ಟೆ. ಸಣ್ಣ ಹಣ್ಣುನೊಣಗಳು ಹೊಗೆಯ ಹಾಗೆ ಎದ್ದವು. ಹಕ್ಕಿ ಅದರ ನಡುವೆ ಸೂಜಿ ಹಾಕಿದ ಹಾಗೆ ಕುಟುಕಿ ಕುಟುಕಿ ತಿಂದಿದ್ದು ನೋಡೋಕೆ ಎರಡು ಕಣ್ಣು ಸಾಲದು. ಹತ್ತು ದಿನ ಆ ಸಂಭ್ರಮ. ಹನ್ನೊಂದನೇ ದಿನ ಇಲಿ ಬಂತು. ಹೆಂಡತಿ, "ರೀ, ಬಕೆಟ್ ಇರುತ್ತೋ ನಾನಿರುತ್ತೀನೋ?" ಅಂದಳು. ಬಕೆಟ್ ಹೋಯಿತು.

ಫ್ರಿಜ್ಜಿನಲ್ಲಿ ದೋಸೆ ಹಿಟ್ಟಿನ ಪಕ್ಕ ಇಟ್ಟಿದ್ದ ಪಾಕಕ್ಕೆ ಮಗ ನಿಂಬೆಹಣ್ಣು ಹಿಂಡಿ ಗೆಳೆಯರಿಗೆ ಕುಡಿಸಿದ್ದೂ ಆಗಿದೆ. ಚೆನ್ನಾಗಿತ್ತಂತೆ.

ದುಡ್ಡಿನ ಲೆಕ್ಕ ಕೇಳುತ್ತೀರಲ್ಲ. ಸೋರಿದ ಫೀಡರ್‌ಗಳು, ಕೆಂಪು ಪುಡಿ, ನೂರಾ ನಲವತ್ತು ಡಾಲರ್ ಗಿಡಗಳು (ಅರ್ಧ ಸತ್ತವು, ಬದುಕಿದ್ದು ಹಾಟ್ ಲಿಪ್ಸ್ ಸಾಲ್ವಿಯಾ ಮತ್ತು ಕ್ಯಾಲಿಫೋರ್ನಿಯಾ ಫ್ಯೂಷಿಯಾ), ವಾಪಸ್ ಕೊಡುವ ದಿನ ಮೀರಿದ್ದರಿಂದ ಕೈಯಲ್ಲೇ ಉಳಿದ ಕ್ಯಾಮೆರಾ ಫೀಡರ್ ಎಲ್ಲಾ ಸೇರಿ ಐನೂರರ ಹತ್ತಿರ. ಕೆಲಸಕ್ಕೆ ಬಂದದ್ದರ ಬೆಲೆ ಎಪ್ಪತ್ತು ಡಾಲರ್ ಮೀರಲ್ಲ. ಈಗಿನ ಖರ್ಚು ಸಕ್ಕರೆಯದ್ದೇ. ಚಳಿಗಾಲದಲ್ಲಿ ಚೆಲ್ಲಿದ್ದೂ ಸೇರಿ ದಿನಕ್ಕೆ ಒಂದೂವರೆ ಕಪ್ ಪಾಕ, ಹತ್ತು ಪೌಂಡ್ ಚೀಲ ಎರಡು ತಿಂಗಳು ಬರುತ್ತೆ.

ಕೈಯಲ್ಲಿ ಕುಡಿಸಿದ ಕಥೆಯನ್ನು ಹೇಳಲೇಬೇಕು. ಫೀಡರ್ ಇಳಿಸಿ, ಅದೇ ಜಾಗದಲ್ಲಿ ಅಂಗೈಯಗಲದ ಸಣ್ಣ ಕೆಂಪು ಮುಚ್ಚಳ ಹಿಡಿದು ಬೆಳಗ್ಗೆ ಏಳಕ್ಕೆ ಕೂರುತ್ತಿದ್ದೆ. ದಿನಾ ಅದೇ ಹಳೇ ಬೂದು ಸ್ವೆಟರ್. ಎಂಟು ದಿನ ಏನೂ ಇಲ್ಲ. ಒಂಬತ್ತನೇ ದಿನ ಕಿವಿಯ ಪಕ್ಕ ಗುಂಯ್ ಅಂದಿತು. ಕಣ್ಣು ಹೊರಳಿಸಲಿಲ್ಲ. ಮೊದಲು ಬೆರಳಿಗೆ ಗಾಳಿ ತಾಗಿತು, ಆಮೇಲೆ ಏನೋ ಕೂತ ಹಾಗೆ, ಅಥವಾ ಕೂರದ ಹಾಗೆ. ಪಾದಗಳು ಕಪ್ಪು ದಾರದ ಎಳೆಯಷ್ಟು. ತೂಕ ನಮ್ಮೂರಿನ ಒಂದು ಒಣ ಅಡಿಕೆಯಷ್ಟೂ ಇಲ್ಲ. ನಾಲಿಗೆ ಒಳಹೊರಗೆ ಆಡುವಾಗ ಗಂಟಲು ನಡುಗುವುದು ಕಾಣುತ್ತಿತ್ತು. ಆರೇಳು ಸೆಕೆಂಡು ಇರಬೇಕು. ಅವತ್ತು ಒಂಬತ್ತೂವರೆ ಮೀಟಿಂಗಿಗೆ ನಾನು ಹೋಗಲೇ ಇಲ್ಲ.

ಗೂಡಿಗೆ ಜೇಡರ ಬಲೆಯ ನೂಲು ಬೇಕು ಅಂತ ಗೊತ್ತಾದ ಮೇಲೆ ಪ್ಯಾಟಿಯೋ ಮೂಲೆಗಳ ಬಲೆ ತೆಗೆಯುವುದು ಬಿಟ್ಟೆವು. ಹೋದ ಸಲ ಅಮ್ಮ ಬಂದಾಗ ಕಸಬರಿಕೆ ಬಚ್ಚಿಡಬೇಕಾಯಿತು. ಈ ಸಲ ಗೂಡು ಕಟ್ಟಿದ್ದು ಎಲ್ಲಿ ಅಂತೀರಿ? ದೀಪಾವಳಿಗೆ ಕಟ್ಟಿದ್ದ ಸೀರಿಯಲ್ ಲೈಟಿನ ಸರದ ಮೇಲೆ, ಎರಡು ಬಲ್ಬುಗಳ ನಡುವೆ. ಅಡಿಕೆ ಸಿಪ್ಪೆಯ ಬಟ್ಟಲಿನಷ್ಟು ಗೂಡು, ಒಳಗೆ ಎರಡು ಬಿಳಿ ಮೊಟ್ಟೆ. ಗೂಡಿಗೆ ಕೈ ಹಚ್ಚುವ ಹಾಗಿಲ್ಲ, ವಲಸೆ ಹಕ್ಕಿಗಳ ಕಾನೂನು 1918ರಿಂದ ಇದೆ. ಮರಿಗಳು ಹಾರಿದ ಮೇಲೆ ಸರ ಬಿಚ್ಚೋಣ ಅಂದುಕೊಂಡೆವು. ಮರಿಗಳು ಜನವರಿ ಕೊನೆಗೆ ಹಾರಿದವು. ಏಣಿ ತಂದು ಇಟ್ಟು ಎರಡು ದಿನ ತಡ ಮಾಡಿದೆ, ಅಷ್ಟರಲ್ಲಿ ಅದೇ ಗೂಡಿಗೆ ತಾಯಿ ಹೊಸ ನೂಲು ತರೋಕೆ ಶುರು ಮಾಡಿತು. ಈಗ ಮಾರ್ಚ್. ಯುಗಾದಿ ಹತ್ತಿರ ಬಂತು, ನಮ್ಮ ಮನೆಯಲ್ಲಿ ದೀಪಾವಳಿ ಸರ ಇನ್ನೂ ನೇತಾಡುತ್ತಿದೆ. ಸ್ವಿಚ್ಚಿಗೆ ಹೆಂಡತಿ ಟೇಪ್ ಅಂಟಿಸಿದ್ದಾಳೆ.