ಮಂಡಕ್ಕಿ ಡಬ್ಬಿಯಿಂದ ಶುರು ಮಾಡಿ: ಆಟಿಸಂ ಇರುವ ಮಗುವಿನ ಊಟದ ಕುರಿತು

ಕಳೆದ ಶ್ರಾವಣದಲ್ಲಿ ನಮ್ಮ ಬೀದಿಯ ಒಂದು ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಿದ್ದಾಗ, ಐದಾರು ವರ್ಷದ ಹುಡುಗನೊಬ್ಬನ ಎರಡೂ ಕೈಗಳನ್ನು ಚಿಕ್ಕಮ್ಮ ಹಿಡಿದುಕೊಂಡಿದ್ದಳು, ತಾಯಿ ಅವನ ಬಾಯಿಗೆ ಸಾರನ್ನದ ತುತ್ತು ತುರುಕುತ್ತಿದ್ದಳು. ಮಗುವಿಗೆ ಆಟಿಸಂ, ಅಂದರೆ ಮಾತು, ಒಡನಾಟ, ಇಂದ್ರಿಯಗಳ ಅನುಭವ ಬೇರೆ ಮಕ್ಕಳಿಗಿಂತ ಭಿನ್ನವಾಗಿರುವ ಮಿದುಳಿನ ಬೆಳವಣಿಗೆಯ ಸ್ಥಿತಿ, ಇದೆಯೆಂಬುದು ಅವರಿಗೆ ತಿಳಿದ ವಿಷಯವೇ. ಆದರೂ "ಬರೀ ಹಟ" ಎನ್ನುತ್ತಿದ್ದರು. ಅವನು ಅತ್ತು ಅತ್ತು ತಿಂದದ್ದನ್ನೆಲ್ಲ ಕಾರಿಕೊಂಡ ಮೇಲೆ, "ಹಸಿದರೆ ತಾನೇ ತಿನ್ನುತ್ತಾನೆ ಬಿಡಿ" ಎಂದು ತಟ್ಟೆಯನ್ನು ಎತ್ತಿಟ್ಟರು. ಅಂದು ಬಂದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಮೊಮ್ಮಗನಿಗೆ ಈಗ 14 ವರ್ಷ. ಮೂರು ವರ್ಷದವನಿದ್ದಾಗ ಅವನು ತಿನ್ನುತ್ತಿದ್ದುದು ನಾಲ್ಕೇ ಪದಾರ್ಥ: ಬಿಳಿ ಮಂಡಕ್ಕಿ, ದೋಸೆಯ ಗರಿಗರಿ ಅಂಚು, ಏನೂ ಕಲಸದ ಸಪ್ಪೆ ಅನ್ನ ಮತ್ತು ಒಂದೇ ಬಗೆಯ ಬಿಸ್ಕತ್ತು. ನಮಗೆ ಸಾರನ್ನವೆಂದರೆ ಮೆತ್ತಗೆ, ಹಿತ. ಅವನಿಗಾದರೋ ಅದು ಒದ್ದೆಯಾದ, ಅಂಟುವ, ನಡುನಡುವೆ ಸಾಸಿವೆ ಕಾಳು ಸಿಕ್ಕಿ ಬೆಚ್ಚಿಬೀಳಿಸುವ ವಸ್ತು. ಒಗ್ಗರಣೆ ಸಿಡಿದರೆ ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಓಡುತ್ತಿದ್ದ. ಅಂಥ ಮಗುವಿನ ನಾಲಿಗೆ, ಮೂಗು, ಕಿವಿಗಳು ನಮ್ಮವುಗಳಂತೆ ಕೆಲಸ ಮಾಡುವುದಿಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಹಸಿದರೆ ತಿನ್ನುತ್ತಾನೆಂಬ ಮಾತು ಬೇರೆ ಮಕ್ಕಳಿಗೆ ಹೊಂದೀತು, ಈ ಮಕ್ಕಳಲ್ಲಿ ಕೆಲವರು ನಿಜವಾಗಿಯೂ ಉಪವಾಸವೇ ಇದ್ದುಬಿಡುತ್ತಾರೆ. ಆದ್ದರಿಂದ ಒಗ್ಗರಣೆ, ಮಿಕ್ಸಿಗಳ ಕೆಲಸವನ್ನು ಅವನ ಊಟಕ್ಕೆ ಬಹಳ ಮೊದಲೇ ಮುಗಿಸಿಕೊಳ್ಳಿ, ಒಂದು ಪದಾರ್ಥ ಇನ್ನೊಂದಕ್ಕೆ ತಾಗದಂತೆ ಗುಳಿ ಗುಳಿ ಇರುವ ತಟ್ಟೆಯಲ್ಲಿ ಬಡಿಸಿ, ಕಾಲು ಜೋತುಬೀಳದಂತೆ ಪಾದದ ಕೆಳಗೊಂದು ಮಣೆ ಇಡಿ.

ಇನ್ನೊಂದು ತಪ್ಪು ನಮ್ಮ ಮನೆಯಲ್ಲೇ ನಡೆದದ್ದು. ಸೊಸೆ ಒಂದು ದಿನ ಮೊಬೈಲಿನಲ್ಲಿ ಏನೋ ನೋಡಿ, "ಅತ್ತೆ, ಹಾಲು, ಗೋಧಿ ಎರಡನ್ನೂ ಬಿಡಿಸಿದರೆ ಆಟಿಸಂ ವಾಸಿಯಾಗುತ್ತದಂತೆ" ಎಂದು ಹೇಳಿ ಅಂದೇ ಎರಡನ್ನೂ ನಿಲ್ಲಿಸಿಬಿಟ್ಟಳು. ನಾಲ್ಕರಲ್ಲಿ ಬಿಸ್ಕತ್ತು ಹೋಯಿತು, ಜೊತೆಗೆ ರಾತ್ರಿ ಕುಡಿಯುತ್ತಿದ್ದ ಲೋಟ ಹಾಲೂ ಹೋಯಿತು. ಮೂರು ತಿಂಗಳಲ್ಲಿ ಹುಡುಗನ ಪಕ್ಕೆಲುಬು ಎಣಿಸುವಂತಾಯಿತು. ಆ ಪಥ್ಯದಿಂದ ಆಟಿಸಂ ವಾಸಿಯಾಗುತ್ತದೆ ಎನ್ನುವುದಕ್ಕೆ ಗಟ್ಟಿ ಆಧಾರವಿಲ್ಲವೆಂದು ಮಕ್ಕಳ ವೈದ್ಯರು ಕೂರಿಸಿಕೊಂಡು ವಿವರಿಸಿದರು. ಗೋಧಿಯ ಅಂಟಿನಂಶಕ್ಕೆ ಕರುಳು ಕೆಡುವ ಸೀಲಿಯಾಕ್ ಎಂಬ ಕಾಯಿಲೆ ಬೇರೆಯೇ ಇದೆ. ಅದಕ್ಕೆ ರಕ್ತಪರೀಕ್ಷೆಯೂ ಇದೆ. ಆದರೆ ಮಗು ಗೋಧಿ ತಿನ್ನುತ್ತಿರುವಾಗಲೇ ಆ ಪರೀಕ್ಷೆ ಮಾಡಿಸಬೇಕು, ಬಿಡಿಸಿದ ಮೇಲೆ ಮಾಡಿಸಿದರೆ ಫಲಿತಾಂಶವನ್ನು ನಂಬುವಂತಿಲ್ಲ. ಕಾಯಿಲೆ ಇದೆಯೆಂದು ಖಚಿತವಾದರೆ ಮಾತ್ರ ಕಟ್ಟುನಿಟ್ಟು ಬೇಕು, ಆಗ ಚಪಾತಿ ಬಿಟ್ಟರೆ ಸಾಲದು. ಅಂಗಡಿಯ ಇಂಗಿನಲ್ಲಿ ಬಹುಮಟ್ಟಿಗೆ ಮೈದಾ ಬೆರೆತಿರುತ್ತದೆ, ಸಾಮಾನ್ಯವಾಗಿ ಸಿಗುವ ಶ್ಯಾವಿಗೆಯೂ ರವೆಯೂ ಗೋಧಿಯವೇ, ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿನಲ್ಲೇ ನಿಮ್ಮ ಜೋಳವನ್ನು ಬೀಸಿಸಿದರೆ ಜೋಳದ ಹಿಟ್ಟಿಗೂ ಗೋಧಿ ಸೇರುತ್ತದೆ. ಹಾಲಿನ ಕತೆಯೂ ಹೀಗೆಯೇ. ಹಾಲು ಕುಡಿದ ಒಂದೆರಡು ಗಂಟೆಗೆ ಹೊಟ್ಟೆಯುಬ್ಬರ, ಭೇದಿ ಆಗುವುದು ಹಾಲಿನ ಸಕ್ಕರೆ ಅರಗದಿರುವುದರಿಂದ ಇರಬಹುದು, ಅಂಥವರಿಗೆ ಮೊಸರು ಎಷ್ಟೋ ಸಲ ಹಿಡಿಸುತ್ತದೆ. ಮೈಯೆಲ್ಲ ದದ್ದು, ತುಟಿ ಊದುವುದು, ಉಸಿರು ಕಟ್ಟುವುದು ಅಲರ್ಜಿ. ಅಲ್ಲಿ ಮನೆಮದ್ದಿನ ಮಾತೇ ಬೇಡ, ನೇರ ಆಸ್ಪತ್ರೆಗೆ ಓಡಿ. ಯಾವ ಕಾರಣಕ್ಕೇ ಆಗಲಿ ಹಾಲು ಬಿಡಿಸಿದರೆ ಸುಣ್ಣದಂಶಕ್ಕೆ, ಅಂದರೆ ಕ್ಯಾಲ್ಸಿಯಂಗೆ, ಬದಲಿ ಹುಡುಕಲೇಬೇಕು. 100 ಮಿಲಿಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ ಇದ್ದರೆ, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಆದರೆ ರಾಗಿಯದು ಮೈಗೆ ಅಷ್ಟು ಸಲೀಸಾಗಿ ಹತ್ತುವುದಿಲ್ಲ, ನೆನೆಸಿ ಮೊಳಕೆ ಕಟ್ಟಿದ ರಾಗಿಯಾದರೆ ಮೇಲು.

ಮಗು ತಿನ್ನದಿರುವುದಕ್ಕೆ ಕಾರಣ ಬಾಯಿಯಲ್ಲೇ ಇರಬೇಕೆಂದಿಲ್ಲ, ಹೊಟ್ಟೆಯಲ್ಲೂ ಇರಬಹುದು. ಈ ಮಕ್ಕಳಲ್ಲಿ ಮಲಬದ್ಧತೆ ಬಹಳ. ಹೊಟ್ಟೆ ನೋಯುತ್ತಿದೆ ಎಂದು ಹೇಳಲು ಮಾತಿಲ್ಲದ ಮಗು ರಾತ್ರಿ ನಿದ್ದೆಗೆಡುತ್ತದೆ, ತಲೆ ಚಚ್ಚಿಕೊಳ್ಳುತ್ತದೆ. ನಮ್ಮವನು ಮಂಚದ ಅಂಚಿಗೆ ಹೊಟ್ಟೆಯೊತ್ತಿಕೊಂಡು ಬಗ್ಗಿ ನಿಲ್ಲುತ್ತಿದ್ದ. ಆಟವಾಡುತ್ತಿದ್ದಾನೆಂದು ತಿಂಗಳುಗಟ್ಟಲೆ ತಿಳಿದಿದ್ದೆವು, ಆ ನೋವು ನನಗೆ ಇಂದಿಗೂ ಇದೆ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಎರಡು ವಾರ ಏನು ತಿಂದ, ಯಾವಾಗ ಹೊರಕಡೆಗೆ ಹೋದ, ಎಷ್ಟು ಹೊತ್ತು ಮಲಗಿದ ಎಂದು ಬರೆದಿಟ್ಟು ವೈದ್ಯರಿಗೆ ತೋರಿಸಿ. ಹೊಟ್ಟೆ ಸರಿಹೋದ ಮೇಲೆ ನಮ್ಮವನ ಹಸಿವೇ ಬದಲಾಯಿತು.

ಇನ್ನು ಮಂಡಕ್ಕಿಯ ವಿಷಯ. ನಾನು ಎಲ್ಲಕ್ಕಿಂತ ಹೆಚ್ಚು ನಂಬಿರುವುದು ಇದನ್ನೇ. ಮಗು ಈಗಾಗಲೇ ಒಪ್ಪಿರುವ ಒಂದು ಪದಾರ್ಥವನ್ನು ಹಿಡಿದುಕೊಂಡು, ಕೂದಲೆಳೆಯಷ್ಟು, ಅದೂ ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತಾ ಹೋಗಬೇಕು. ಅದಕ್ಕೆ ಮೊದಲು ಆ ಪದಾರ್ಥ ದಿನವೂ ಒಂದೇ ತೆರನಾಗಿರಬೇಕು. ನಾನು ಚಿಕ್ಕವಳಿದ್ದಾಗ ಅವ್ವ ನನ್ನನ್ನು ನಮ್ಮೂರ ಮಂಡಕ್ಕಿ ಭಟ್ಟಿಗೆ ಕರೆದೊಯ್ಯುತ್ತಿದ್ದಳು. ಕಾದ ಮರಳಿನಲ್ಲಿ ಅಕ್ಕಿ ಅರಳುವುದನ್ನು ನೋಡುತ್ತಾ ಬಾಗಿಲಲ್ಲೇ ನಿಂತುಬಿಡುತ್ತಿದ್ದೆ. ಮರಳಿನಲ್ಲಿ ಹುರಿದದ್ದು ಎಂದ ಮೇಲೆ ಒಂದೆರಡು ಹರಳು ಉಳಿದೇ ಇರುತ್ತವೆ. ಈಗಿನವರು ಚೀಲ ಬಿಚ್ಚಿ ಹಾಗೆಯೇ ತಟ್ಟೆಗೆ ಸುರಿಯುತ್ತಾರೆ! ಒಂದೇ ಅಂಗಡಿಯಿಂದ ತನ್ನಿ, ಎರಡು ಸಲ ಜರಡಿ ಹಿಡಿಯಿರಿ, ಆಮೇಲೆ ಮೊರದಲ್ಲಿ ಹರಡಿ ಕರಿದಾದದ್ದನ್ನೂ ಅರಳದ ಗಟ್ಟಿ ಕಾಳನ್ನೂ ಕೈಯಿಂದ ಆರಿಸಿ ತೆಗೆಯಿರಿ. ಒಂದು ಗಟ್ಟಿ ಕಾಳು ಹಲ್ಲಿಗೆ ಸಿಕ್ಕರೆ ಆ ಮಗು ಒಂದು ವಾರ ಡಬ್ಬಿಯ ಕಡೆ ತಿರುಗಿಯೂ ನೋಡುವುದಿಲ್ಲ. ಕಬ್ಬಿಣದ ಬಾಣಲೆಯನ್ನು ಸಣ್ಣ ಉರಿಯ ಮೇಲಿಟ್ಟು, ಎರಡು ಬೊಗಸೆಗಿಂತ ಹೆಚ್ಚು ಹಾಕದೆ, ಸೌಟು ಬಿಟ್ಟು ಕೈಯಿಂದಲೇ ಆಡಿಸಿ. ಬಿಸಿ ಕೈಗೆ ಚುರುಕ್ಕೆನ್ನುವ ಮೊದಲೇ ಇಳಿಸಬೇಕು. ಬಣ್ಣ ಹಳದಿಗೆ ತಿರುಗಿದರೆ ಕೆಟ್ಟಿತು, ಮಗು ದೂರದಿಂದಲೇ ಗುರುತಿಸುತ್ತದೆ. ಒಂದು ಕಾಳನ್ನು ಕಿವಿಯ ಹತ್ತಿರ ಹಿಡಿದು ಎರಡು ಬೆರಳಲ್ಲಿ ಒತ್ತಿ ನೋಡಿ, ಚುರ್ ಎಂದು ಪುಡಿಯಾಗಬೇಕು. ಹತ್ತಿಯಂತೆ ಅಮುಕಿದರೆ ಮತ್ತೆ ಬಾಣಲೆಗೆ. ಬಿಳಿ ಪಂಚೆಯ ಮೇಲೆ ಹರಡಿ ಪೂರ್ತಿ ಆರಿದ ಮೇಲೆಯೇ ಬಿಗಿ ಮುಚ್ಚಳದ ಡಬ್ಬಿಗೆ ತುಂಬಿ, ಬಿಸಿಯಾಗಿ ತುಂಬಿದರೆ ಬೆವರಿ ಮೆತ್ತಗಾಗುತ್ತದೆ.

ಹೀಗೆ ಹದಿನೈದು ದಿನ ಕಳೆಯಲಿ. ಆಮೇಲೆ ಪುಟಾಣಿಯನ್ನು, ಅಂದರೆ ಹುರಿಗಡಲೆಯನ್ನು, ನುಣ್ಣಗೆ ಪುಡಿ ಮಾಡಿ ವಸ್ತ್ರಗಾಳಿಸಿ ಇಟ್ಟುಕೊಳ್ಳಿ. ಮಗುವಿನ ಎದುರೇ ಎರಡು ಬಟ್ಟಲು ಇಡಬೇಕು, ಒಂದರಲ್ಲಿ ಎಂದಿನ ಮಂಡಕ್ಕಿ, ಇನ್ನೊಂದರಲ್ಲಿ ಒಂದು ಹಿಡಿ ಮಂಡಕ್ಕಿಯ ಮೇಲೆ ಒಂದೇ ಚಿಟಿಕೆ ಪುಟಾಣಿ ಪುಡಿ. ಅವನು ನೋಡುತ್ತಿರುವಾಗಲೇ ಉದುರಿಸಿ. ಕದ್ದು ಬೆರೆಸುವ ಜಾಣತನ ಬೇಡ. ಮೋಸ ಗೊತ್ತಾದರೆ ಇದ್ದ ಒಂದು ಪದಾರ್ಥವನ್ನೂ ಅವನು ಬಿಟ್ಟುಬಿಡುತ್ತಾನೆ, ಎಷ್ಟೋ ಮನೆಗಳಲ್ಲಿ ಹಾಗಾದದ್ದನ್ನು ಬಲ್ಲೆ. ತಿನ್ನು ಎನ್ನಬೇಡಿ, ಹೊಗಳಲೂ ಬೇಡಿ, ನೀವು ಪಕ್ಕದಲ್ಲಿ ಕುಳಿತು ಅದನ್ನೇ ತಿನ್ನಿ. ಮುಟ್ಟಿದ, ಮೂಸಿದ, ಬಟ್ಟಲನ್ನು ದೂಡಿದ, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಹೊಸ ರುಚಿ ಒಪ್ಪಿಗೆಯಾಗಲು ಹತ್ತು ಹದಿನೈದು ಸಲ, ಈ ಮಕ್ಕಳಿಗೆ ಅದಕ್ಕಿಂತಲೂ ಹೆಚ್ಚು ಸಲ, ಎದುರಿಗೆ ಬರಬೇಕಾಗುತ್ತದೆ. ಮೂರು ದಿನ ಇಟ್ಟು "ನಮ್ಮವನಿಗೆ ಆಗುವುದಿಲ್ಲ" ಎನ್ನುವವರೊಡನೆ ನನಗೆ ಮಾತೇ ಬೇಡವೆನಿಸುತ್ತದೆ. ನಮ್ಮವನು ಹದಿನೇಳನೆಯ ದಿನ ಬೆರಳಿಗೆ ಅಂಟಿದ ಪುಡಿಯನ್ನು ನೆಕ್ಕಿದ. ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಸುಮ್ಮನೆ ಮಂಡಕ್ಕಿ ಜಗಿಯುತ್ತಾ ಕುಳಿತೆ.

ಚಿಟಿಕೆ ಎರಡಾಗಲು ಒಂದು ವಾರ, ಅರ್ಧ ಚಮಚವಾಗಲು ಒಂದು ತಿಂಗಳು. ಬಳಿಕ ಶೇಂಗಾ ಪುಡಿ, ಅದು ಕೆಲವರಿಗೆ ಅಲರ್ಜಿಯಾದ್ದರಿಂದ ಮೊದಲ ದಿನ ಉಗುರಿನ ತುದಿಯಷ್ಟೇ. ಇಡೀ ಕಾಳನ್ನು ಸಣ್ಣ ಮಕ್ಕಳಿಗೆ ಕೊಡಲೇಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಪುಡಿಯ ರುಚಿ ಒಗ್ಗಿದ ಮೇಲೆ ಅದೇ ದಾರಿಯಲ್ಲಿ ದೋಸೆಗೆ ಬಂದೆವು. ಒಂದು ಸೌಟು ಹಿಟ್ಟಿಗೆ ಚಿಟಿಕೆ ರಾಗಿ ಹಿಟ್ಟಿನಿಂದ ಶುರುಮಾಡಿ, ಬಣ್ಣ ಏರುವುದು ಕಣ್ಣಿಗೆ ತಿಳಿಯದಷ್ಟು ನಿಧಾನವಾಗಿ ಹೆಚ್ಚಿಸಿದ್ದರಿಂದ, ವರ್ಷ ತುಂಬುವ ಹೊತ್ತಿಗೆ ಅವನ ತಟ್ಟೆಯಲ್ಲಿ ಅಪ್ಪಟ ರಾಗಿ ದೋಸೆಯಿತ್ತು. ಇಲ್ಲಿ ಹಂಚಿನ ಮಾತನ್ನೂ ಹೇಳಿಬಿಡುತ್ತೇನೆ. ಈಗಿನ ಹುಡುಗಿಯರು ಕಬ್ಬಿಣದ ಹಂಚನ್ನು ಸೋಪು ಹಾಕಿ ತಂತಿನಾರಿನಿಂದ ತಿಕ್ಕಿ ಫಳಫಳ ಮಾಡಿಡುತ್ತಾರೆ. ಮಾರನೆಯ ದಿನ ದೋಸೆ ಕಚ್ಚಿಕೊಂಡು ಹರಿಯುತ್ತದೆ, ಹರಿದ ದೋಸೆಯನ್ನು ಈ ಮಗು ಮುಟ್ಟುವುದಿಲ್ಲ. ಬಿಸಿನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಸವರಿಟ್ಟರೆ ಸಾಕು. ಅವನ ದೋಸೆಗೆ ಬೇರೆ ಹಂಚನ್ನೇ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ಮಣ್ಣು, ಬಳಪ, ಗೋಡೆಯ ಸುಣ್ಣ ತಿನ್ನುವ ಮಗುವನ್ನು ಗದರಿಸಿ ಸುಮ್ಮನಾಗಬೇಡಿ, ರಕ್ತದಲ್ಲಿ ಕಬ್ಬಿಣದಂಶ ಎಷ್ಟಿದೆ, ಸೀಸವೆಂಬ ವಿಷದ ಲೋಹ ಸೇರಿದೆಯೇ ಎಂದು ಪರೀಕ್ಷಿಸಿ. ಬರೀ ಬಿಳಿಯದನ್ನೇ ವರ್ಷಗಟ್ಟಲೆ ತಿನ್ನುವ ಮಗುವಿನ ವಸಡಿನಲ್ಲಿ ರಕ್ತ ಕಂಡರೆ ಸಿ ಜೀವಸತ್ವದ ಕೊರತೆಯಿರಬಹುದು. ಹೊಟ್ಟೆ ತುಂಬಲೆಂದು ದಿನವಿಡೀ ಹಾಲನ್ನೇ ಕುಡಿಸುವುದೂ ತಪ್ಪು, ಉಳಿದ ಹಸಿವು ಸತ್ತು ಕಬ್ಬಿಣದಂಶ ಇಳಿಯುತ್ತದೆ. ತೂಕ ಇಳಿಯುತ್ತಿದ್ದರೆ, ಒಪ್ಪಿದ ಪದಾರ್ಥಗಳು ಒಂದೊಂದಾಗಿ ಬಿಟ್ಟುಹೋಗುತ್ತಿದ್ದರೆ, ನುಂಗುವಾಗ ಕೆಮ್ಮುತ್ತಿದ್ದರೆ, ನನ್ನ ಮಂಡಕ್ಕಿಯನ್ನು ನೆಚ್ಚಿಕೊಂಡು ಕೂರದೆ ವೈದ್ಯರನ್ನೂ ಪಥ್ಯತಜ್ಞರನ್ನೂ ಕಾಣಿ.

ದುಗ್ಗಮ್ಮನ ಜಾತ್ರೆಗೋ ಮದುವೆಗೋ ಹೋಗುವಾಗ ಅವನ ಡಬ್ಬಿ, ಅವನ ತಟ್ಟೆ ಎರಡೂ ಜೊತೆಗಿರಲಿ. ಎಲೆಯ ಮುಂದೆ ಕೂರಿಸಿ ನಾಲ್ಕು ಜನರೆದುರು ಹೋಳಿಗೆ ತಿನ್ನಿಸುವ ಪರೀಕ್ಷೆ ಬೇಡ. ಮನೆಯಲ್ಲೇ ತಿನ್ನಿಸಿ ಕರೆದೊಯ್ಯಿರಿ. "ಒಂದು ತುತ್ತು ತಿಂದರೆ ಏನಾಗುತ್ತದೆ" ಎಂದು ಬರುವ ನೆಂಟರಿಗೆ ನೀವೇ ಅಡ್ಡ ನಿಲ್ಲಬೇಕು, ನಾನು ನಿಂತಿದ್ದೇನೆ. ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ಎಷ್ಟು ಬಿಗಿಯಿದ್ದರೂ ಮಂಡಕ್ಕಿ ಮೆತ್ತಗಾಗುತ್ತದೆ, ಹೊರಡುವ ದಿನ ಬೆಳಿಗ್ಗೆ ಇನ್ನೊಮ್ಮೆ ಬಾಣಲೆಗೆ ಹಾಕಿ, ಕಿವಿಯ ಹತ್ತಿರ ಹಿಡಿದು ನೋಡಿಯೇ ತುಂಬಿ.